ಉತ್ತರ ದಿಕ್ಕು ತಪ್ಪಿದ್ದ ಕಂಪನಮಾಪಕ: ನನ್ನ ಅನುಭವ

ವಿಜಯಪುರದ ಹೊರವಲಯದ ಜೋಳದ ಹೊಲದಲ್ಲಿ ಹೂಳಿದ್ದ ನಮ್ಮ ಕಂಪನಮಾಪಕ ಎರಡು ತಿಂಗಳು ನನ್ನ ನಿದ್ದೆ ಕೆಡಿಸಿತ್ತು. ದೂರದ ಭೂಕಂಪದ ಪಿ ಅಲೆ (ಮೊದಲು ತಲುಪುವ ವೇಗದ ಅಲೆ) ಭೂಮಿಯ ಹೊರಪದರದ ತಳವನ್ನು ದಾಟುವಾಗ ಅದರ ಒಂದು ಪಾಲು ನಿಧಾನವಾದ ಎಸ್ ಅಲೆಯಾಗಿ ಬದಲಾಗಿ ಹಿಂದೆ ಬೀಳುತ್ತದೆ, ದಾಖಲೆಯಲ್ಲಿ ಒಂದು ಉಬ್ಬಾಗಿ ಕಾಣುತ್ತದೆ. ಆ ಅಂತರ 4.5 ಸೆಕೆಂಡ್ ಇದ್ದರೆ ಪದರದ ದಪ್ಪ 37 ಕಿ.ಮೀ. ಆಸುಪಾಸು. 1967ರ ಕೊಯ್ನಾ, 1993ರ ಕಿಲ್ಲಾರಿ ಭೂಕಂಪಗಳು ಇನ್ನೂ ನೆನಪಿರುವ ಈ ಸೀಮೆಯಲ್ಲಿ ಆ ಲೆಕ್ಕ ಸರಿಯಾಗಿ ಸಿಗಲೇಬೇಕೆಂಬ ಹಟ ನನ್ನದು.

ಆದರೆ ಆ ಉಬ್ಬು ಮಸುಕಾಗಿತ್ತು. ಅಡ್ಡ ಘಟಕದಲ್ಲಿ, ಅಂದರೆ ಅಲೆ ಬಂದ ದಿಕ್ಕಿಗೆ ಅಡ್ಡಲಾದ ಅಲುಗಾಟದ ದಾಖಲೆಯಲ್ಲಿ, ಏನೂ ಇರಬಾರದ ಸೊನ್ನೆ ಸೆಕೆಂಡಿನಲ್ಲೇ (ಪಿ ಅಲೆ ತಲುಪುವ ಕ್ಷಣದಲ್ಲೇ), ದೊಡ್ಡ ಉಬ್ಬು! ಸೋಸುವ ಆವರ್ತನ ಬದಲಿಸಿದರೂ ಪ್ರಯೋಜನವಾಗಲಿಲ್ಲ. ಕೊನೆಗೆ, ಪ್ರತಿಯೊಂದು ಪಿ ಅಲೆ ನೆಲವನ್ನು ಯಾವ ದಿಕ್ಕಿಗೆ ಅಲುಗಿಸಿತು ಎಂದು ಒಂದೊಂದಾಗಿ ಗೆರೆ ಎಳೆದು ನೋಡಿದೆ. ಇಂಡೊನೇಷ್ಯದಿಂದ ಬಂದದ್ದಿರಲಿ, ಜಪಾನಿನಿಂದ ಬಂದದ್ದಿರಲಿ, ಎಲ್ಲವೂ ಇರಬೇಕಾದ ದಿಕ್ಕಿನಿಂದ ಒಂದೇ ಕಡೆಗೆ ಸುಮಾರು 20 ಡಿಗ್ರಿ ವಾಲಿದ್ದವು.

ಗುಂಡಿಯ ಬಳಿ ಹೋದಾಗ ಕಾರಣ ಕಣ್ಣೆದುರಿತ್ತು: ಮುಚ್ಚಳದ ಕಬ್ಬಿಣದ ಚೌಕಟ್ಟು. ಪಕ್ಕದಲ್ಲಿಟ್ಟ ದಿಕ್ಸೂಚಿಯ ಮುಳ್ಳು ಅದರತ್ತ ಹೊರಳುತ್ತಿತ್ತು; ಆ ಮುಳ್ಳನ್ನು ನಂಬಿಯೇ ಉಪಕರಣದ ಉತ್ತರ ದಿಕ್ಕನ್ನು ಹೊಂದಿಸಿದ್ದೆವು. ಇಲ್ಲಿನ ಕಪ್ಪು ಬಸಾಲ್ಟ್ ಕಲ್ಲಿನಲ್ಲೂ ಮುಳ್ಳನ್ನು ಸೆಳೆಯುವ ಕಾಂತೀಯ ಖನಿಜ ಮ್ಯಾಗ್ನೆಟೈಟ್ ಇದೆ, ಮರೆಯಬಾರದು. ಉಪಕರಣವನ್ನು ಮುಟ್ಟಲಿಲ್ಲ, ಹಳೆಯ ದಾಖಲೆಯನ್ನೇ ಅಷ್ಟು ಡಿಗ್ರಿ ತಿರುಗಿಸಿದೆ. ಅಡ್ಡ ಘಟಕ ಸುಮ್ಮನಾಯಿತು, 4.5ರ ಹತ್ತಿರ ಉಬ್ಬು ಚೂಪಾಗಿ ಎದ್ದು ನಿಂತಿತು.