ಅರಮಂಡಿ ಕಾಲಿಗೆ ಬ್ಯಾಲೆ ಕಲಿಸಿದ ಕಥೆ

ಮೊದಲ ಬ್ಯಾಲೆ ಕ್ಲಾಸಿಗೆ ಹೋದಾಗ ನನಗೆ 34 ವರ್ಷ. ಹಾಸನದಲ್ಲಿ ಎಂಟು ವರ್ಷ ಭರತನಾಟ್ಯ ಕಲಿತು ಜೂನಿಯರ್ ಪರೀಕ್ಷೆ ಪಾಸು ಮಾಡಿದ್ದೆ, ಅರಮಂಡಿಯಲ್ಲಿ (ಮಂಡಿಗಳನ್ನು ಹೊರಕ್ಕೆ ತೆರೆದು ಅರ್ಧ ಕೂರುವ ಭಂಗಿ) ಕೂತು ಕೂತು ತೊಡೆ ಗಟ್ಟಿಯಾಗಿತ್ತು, ಹಾಗಾಗಿ ಸ್ವಲ್ಪ ಜಂಬವೂ ಇತ್ತು. ಕೆಲಸಕ್ಕೆ ಅಂತ ಬಂದು ಸೇರಿದ್ದು ಜರ್ಮನಿಯ ಸ್ಟುಟ್‌ಗಾರ್ಟ್. 1961ರಲ್ಲಿ ನೃತ್ಯ ಸಂಯೋಜಕ ಜಾನ್ ಕ್ರಾಂಕೋ ಬಂದು ಇಲ್ಲಿನ ತಂಡ ಕಟ್ಟಿದ ಮೇಲೆ ಈ ಊರಿಗೆ ಬ್ಯಾಲೆ ಹುಚ್ಚು ಹತ್ತಿದೆ. ಹಿಂದಿನ ಸಾಲಿನ ಅಗ್ಗದ ಟಿಕೆಟ್ ತಗೊಂಡು ಒಂದು ಸಲ ನೋಡಿದೆ, ಮುಂದಿನ ತಿಂಗಳೇ ದೊಡ್ಡವರ ಸಂಜೆ ಕ್ಲಾಸಿಗೆ ಸೇರಿದೆ. ಅಮ್ಮ ಫೋನಲ್ಲಿ, "ಈ ವಯಸ್ಸಲ್ಲಿ ಇದೊಂದು ಬೇಕಿತ್ತಾ ನಿಂಗೆ?" ಅಂದರು.

ಬಾರ್ ಅಂದರೆ ಗೋಡೆಯುದ್ದಕ್ಕೂ ಇರುವ ಮರದ ಸರಳು. ಅದನ್ನು ಹಿಡಿದು ಮೊದಲನೇ ಪೊಸಿಷನ್‌ನಲ್ಲಿ ನಿಂತೆ. ಹಿಮ್ಮಡಿ ಜೋಡಿಸಿ ಬೆರಳುಗಳನ್ನು ಎರಡೂ ಕಡೆಗೆ ತಿರುಗಿಸಿದೆ, ಹೆಚ್ಚುಕಮ್ಮಿ ಒಂದೇ ಗೆರೆ. ಪಕ್ಕದವರಿಗೆ ಅಷ್ಟು ಬರ್ತಿರಲಿಲ್ಲ, ನನಗೆ ಒಳಗೊಳಗೇ ಖುಷಿ. ಟೀಚರ್ ಬಂದರು, ಏನೂ ಹೇಳಲಿಲ್ಲ, ಬಗ್ಗಿ ನನ್ನ ಎರಡೂ ಪಾದ ಹಿಡಿದು ಒಳಗೆ ತಳ್ಳಿದರು. ಗಡಿಯಾರದ ಹತ್ತು ಮತ್ತು ಎರಡು ಗಂಟೆಗಿಂತಲೂ ಕಡಿಮೆ. ಅವಮಾನ ಆಯಿತು, ಸುಳ್ಳು ಯಾಕೆ ಹೇಳಲಿ. ಮನೆಗೆ ಹೋಗಿ ಮತ್ತೆ ನನ್ನ ಹಳೇ ಗೆರೆಯಲ್ಲೇ ಅಭ್ಯಾಸ ಮಾಡಿದೆ.

ಆರು ವಾರಕ್ಕೆ ಎಡ ಮಂಡಿಯ ಒಳಭಾಗ ನೋಯೋಕೆ ಶುರುವಾಯಿತು.

ಆಮೇಲೆ ಅರ್ಥವಾಗಿದ್ದು ಇಷ್ಟು. ಟರ್ನ್‌ಔಟ್ ಅನ್ನೋದು ಪಾದದ ಕೆಲಸವೇ ಅಲ್ಲ. ಸೊಂಟದ ಕೀಲಿನಲ್ಲಿ ತೊಡೆಮೂಳೆ ಹೊರಕ್ಕೆ ತಿರುಗಬೇಕು, ಮಂಡಿ ಮತ್ತು ಪಾದ ಅದರ ಹಿಂದೆ ಹೋಗಬೇಕು. ಎಷ್ಟು ತಿರುಗುತ್ತೆ ಅನ್ನೋದರಲ್ಲಿ ನಮ್ಮ ಮೂಳೆಯ ಆಕಾರದ ಪಾಲು ದೊಡ್ಡದು, ಹಟ ಮಾಡಿದರೆ ಬರೋದಿಲ್ಲ. ನಾನು ಮಾಡ್ತಿದ್ದದ್ದು ಏನು ಅಂದರೆ, ಮಂಡಿ ಬಗ್ಗಿಸಿ ಪಾದವನ್ನು ಬೇಕಾದಷ್ಟು ತಿರುಗಿಸಿ ಇಟ್ಟು, ನೆಲದ ಹಿಡಿತದಿಂದ ಅದು ಅಲ್ಲೇ ಕಚ್ಚಿಕೊಂಡ ಮೇಲೆ ಕಾಲು ನೇರ ಮಾಡೋದು. ಆಗ ಆ ತಿರುಚು ಎಲ್ಲಾ ಮಂಡಿಗೆ ಬೀಳುತ್ತೆ. ಇದನ್ನು ಕಂಡುಹಿಡಿಯೋಕೆ ಒಂದು ಸುಲಭ ದಾರಿ ಇದೆ. ಸಾಕ್ಸ್ ಹಾಕಿಕೊಂಡು ನುಣ್ಣನೆಯ ಟೈಲ್ಸ್ ಮೇಲೆ ಏನನ್ನಾದರೂ ಹಿಡಿದು ನಿಂತು, ಮಂಡಿ ಬಗ್ಗಿಸದೆ ಕಾಲು ಹೊರಗೆ ತಿರುಗಿಸಿ. ಅಲ್ಲಿ ಕಳ್ಳಾಟ ನಡೆಯೋದಿಲ್ಲ. ಪಾದ ಎಲ್ಲಿ ನಿಲ್ಲುತ್ತೋ ಅಷ್ಟೇ ನಿಮ್ಮದು. ನನ್ನದು ಟೀಚರ್ ಇಟ್ಟ ಜಾಗಕ್ಕೇ ಬಂದು ನಿಂತಿತು.

ಮುಂದಿನ ಜಗಳ ಬೆನ್ನಿನದ್ದು. ಅರಮಂಡಿಯಲ್ಲಿ ನನಗೆ ಹಿಂಭಾಗ ಹಿಂದಕ್ಕೆ ಹೋಗಿ ನಡು ಒಳಕ್ಕೆ ಬಾಗುವ ಚಾಳಿ ಇತ್ತು. ಅದು ಭರತನಾಟ್ಯದ ತಪ್ಪಲ್ಲ, ನನ್ನದೇ ಸೋಮಾರಿತನ. ನನ್ನ ಗುರುಗಳು ಎಷ್ಟು ಸಲ ಕೋಲಿನಿಂದ ತೋರಿಸಿದ್ದರೋ ಏನೋ. ಇಲ್ಲಿ ಪ್ಲಿಯೇ, ಅಂದರೆ ಮಂಡಿ ಬಗ್ಗಿಸಿ ಕೆಳಗಿಳಿಯೋದು, ಮಾಡುವಾಗ ಅದೇ ಚಾಳಿ ಎದ್ದು ಬಂತು. ಸರಿ ಮಾಡೋಣ ಅಂತ ನಾನು ಹಿಂಭಾಗವನ್ನು ಪೂರ್ತಿ ಒಳಗೆ ಎಳೆದು ಬಿಗಿ ಹಿಡಿದೆ, ಹೊಡೆತ ತಿಂದ ನಾಯಿ ಬಾಲ ಮುದುರಿದ ಹಾಗೆ. ಅದು ಇನ್ನೊಂದು ತಪ್ಪು. ತೊಡೆಯ ಮುಂಭಾಗ ಕಲ್ಲಾಯಿತು, ಇದ್ದಬದ್ದ ಟರ್ನ್‌ಔಟ್ ಕೂಡ ಮುಚ್ಚಿಕೊಂಡಿತು. ಕೊನೆಗೆ ಕೈಹಿಡಿದದ್ದು ಮನೆಯ ಗೋಡೆ. ಗೋಡೆಯಿಂದ ಒಂದು ಗೇಣು ಮುಂದೆ ಪಾದ ಇಟ್ಟು, ಹಿಂಭಾಗ, ಭುಜದ ಮೂಳೆ, ತಲೆ ಮೂರನ್ನೂ ಗೋಡೆಗೆ ತಾಗಿಸಿ, ಸೊಂಟದ ಹಿಂದೆ ಅಂಗೈ ತೂರುವಷ್ಟೇ ಜಾಗ ಬಿಟ್ಟು ನಿಧಾನವಾಗಿ ಕೆಳಗೆ ಜಾರೋದು, ಮೇಲೆ ಬರೋದು. ಆ ಜಾಗ ದೊಡ್ಡದಾಗಲೂ ಬಾರದು, ಪೂರ್ತಿ ಮುಚ್ಚಲೂ ಬಾರದು. ದಿನಕ್ಕೆ ಹತ್ತು ಸಲ, ಕುಕ್ಕರ್ ಕೂಗೋದನ್ನು ಕಾಯ್ತಾ.

ಇನ್ನೊಂದು ವಿಷಯ ನನಗೆ ತುಂಬಾ ತಡವಾಗಿ ಹೊಳೆಯಿತು. ಅರಮಂಡಿ ಅಂದರೆ ಕೂರೋದು, ಅಲ್ಲೇ ಇರೋದು, ಅಲ್ಲಿಂದಲೇ ಅಡವು, ಅಂದರೆ ಭರತನಾಟ್ಯದ ಹೆಜ್ಜೆ, ಹಾಕೋದು. ಪ್ಲಿಯೇಯಲ್ಲಿ ಕೂರೋ ಹಾಗಿಲ್ಲ. ಕೆಳಗೆ ಹೋಗೋದೇ ಮೇಲೆ ಬರೋಕೆ, ತಳದಲ್ಲಿ ಒಂದು ಕ್ಷಣ ನಿಂತರೂ ಸತ್ತುಹೋಗುತ್ತೆ. ನಾನು ಪ್ರತಿ ಸಲ ಕೆಳಗೆ ಹೋಗಿ ಆರಾಮಾಗಿ ಕೂತುಬಿಡ್ತಿದ್ದೆ, ಪಿಯಾನೋ ಮುಂದೆ ಹೋಗಿರ್ತಿತ್ತು.

ಪಾದದ ಕಥೆ ಇನ್ನೂ ಉದ್ದ. ಬರಿಗಾಲಲ್ಲಿ ತಟ್ಟಡವು ಹಾಕಿ ಬೆಳೆದ ಪಾದ ಇದು. ಪೂರ್ತಿ ಅಂಗಾಲು ಒಂದೇ ಸಲ ನೆಲಕ್ಕೆ ಬಡಿಯಬೇಕು, ಸದ್ದು ಚೆನ್ನಾಗಿ ಬರಬೇಕು, ಗೆಜ್ಜೆ ಮಾತಾಡಬೇಕು. ಬ್ಯಾಲೆಯಲ್ಲಿ ಸದ್ದೇ ಬರಬಾರದು! ತಾಂದ್ಯು ಅಂದರೆ ಕಾಲು ಚಾಚಿ ವಾಪಸ್ ತರೋದು, ನೋಡೋಕೆ ಏನೂ ಇಲ್ಲ. ಆದರೆ ಹೋಗುವಾಗ ಮೊದಲು ಹಿಮ್ಮಡಿ, ಆಮೇಲೆ ಬೆರಳ ಬುಡ ಏಳಬೇಕು, ಬೆರಳ ತುದಿ ಮಾತ್ರ ನೆಲ ಬಿಡಬಾರದು. ಬರುವಾಗ ಇದೇ ಉಲ್ಟಾ. ನೆಲವನ್ನು ಉಜ್ಜಿಕೊಂಡೇ ಹೋಗಬೇಕು. ನಾನು ತಿಂಗಳುಗಟ್ಟಲೆ ಕಾಲನ್ನು ಎತ್ತಿ ತಂದು ಇಡ್ತಿದ್ದೆ. ಹಾರಿ ಇಳಿಯೋದೂ ಹಾಗೇ: ಬೆರಳು, ಬುಡ, ಹಿಮ್ಮಡಿ, ತಕ್ಷಣ ಪ್ಲಿಯೇ. ನಿಂತಾಗ ಭಾರ ಮೂರು ಕಡೆ ಹಂಚಿರಬೇಕು, ಹೆಬ್ಬೆರಳ ಬುಡ, ಕಿರುಬೆರಳ ಬುಡ, ಹಿಮ್ಮಡಿ. ನನ್ನ ಪಾದ ಒಳಕ್ಕೆ ವಾಲಿ ಕಮಾನು ಕುಸಿಯುತ್ತಿತ್ತು. ಹಾಗೆ ಕುಸಿದರೆ ಸಾಮಾನ್ಯವಾಗಿ ಮೇಲೆ ಟರ್ನ್‌ಔಟ್‌ನಲ್ಲಿ ಮೋಸ ನಡೀತಿದೆ ಅಂತಲೇ ಲೆಕ್ಕ.

ಕನ್ನಡಿಯನ್ನು ನಾನು ಜಾಸ್ತಿ ನಂಬೋದಿಲ್ಲ. ಪಕ್ಕದಿಂದ ಹೇಗಿದ್ದೀನಿ ಅಂತ ನೋಡೋಕೆ ತಲೆ ತಿರುಗಿಸಿದ ತಕ್ಷಣ ನಿಲುವೇ ಬದಲಾಗುತ್ತಲ್ವಾ. ಮೊಬೈಲನ್ನು ಸೊಂಟದ ಎತ್ತರಕ್ಕೆ ಪಕ್ಕದಲ್ಲಿಟ್ಟು ವಿಡಿಯೋ ಮಾಡಿಕೊಳ್ತೀನಿ. ನನ್ನ ಪಕ್ಕೆಲುಬು ಮುಂದಕ್ಕೆ ಚಿಮ್ಮಿರೋದು ಗೊತ್ತಾಗಿದ್ದೇ ಅದರಲ್ಲಿ. "ಎದೆ ಎತ್ತು" ಅಂತ ನನಗೆ ನಾನೇ ಹೇಳಿಕೊಳ್ಳೋದು ಬಿಟ್ಟು, ಉಸಿರನ್ನು ಬೆನ್ನಿನ ಕಡೆಗೆ ತುಂಬಿಕೊಳ್ಳೋಕೆ ಶುರು ಮಾಡಿದ ಮೇಲೆ ಅದು ತಾನಾಗೇ ಕೂತುಕೊಂಡಿತು.

ಈಗ ಮೂರನೇ ವರ್ಷ. ಮಂಡಿ ನೋವು ಪಾದ ಒಳಗೆ ತಂದ ಎರಡು ತಿಂಗಳಿಗೆ ಹೋಯಿತು. ಮನೆಯ ಗಟ್ಟಿ ನೆಲದ ಮೇಲೆ ಜಾಸ್ತಿ ಹಾರೋದು ಒಳ್ಳೆಯದಲ್ಲ, ಅದಕ್ಕೆ ಚಾಪೆ ಹಾಸಿ ಎಂಟೇ ಎಂಟು ಸೋತೇ (ನಿಂತಲ್ಲೇ ಹಾರೋದು), ಅದೂ ರಾತ್ರಿ ಹತ್ತರೊಳಗೆ. ಮೊದಲೆಲ್ಲ ಕೆಳಗಿನ ಮನೆಯ ಅಜ್ಜಿ ಪೊರಕೆ ಹಿಡಿಯಿಂದ ಸೀಲಿಂಗ್ ಕುಟ್ಟುತ್ತಿದ್ದರು. ಮೊನ್ನೆ ಮೆಟ್ಟಿಲ ಹತ್ತಿರ ಸಿಕ್ಕಿ, ಈಗ ಒಂದೇ ಕಾಲಲ್ಲಿ ಹಾರ್ತೀಯಾ ಅಂತ ಕೇಳಿದರು. ಇಲ್ಲ, ಎರಡೂ ಕಾಲಲ್ಲೇ. ಎಡಗಾಲು ಮಾತ್ರ ಇನ್ನೂ ಅಡವು ಬಿಟ್ಟಿಲ್ಲ.