ಬಾಡಿಗೆ ಮನೆಯ ಬೂಷ್ಟು: ಚಿಕ್ಕಮಗಳೂರಿಗೆ ಹೊಸದಾಗಿ ಬಂದವರಿಗೆ

ಕಲಬುರಗಿ, ರಾಯಚೂರು, ವಿಜಯಪುರದ ಕಡೆಯಿಂದ ವರ್ಗವಾಗಿ ಬರುವವರು ಇಲ್ಲಿ ಮನೆ ಹುಡುಕುವುದು ಏಪ್ರಿಲ್, ಮೇ ತಿಂಗಳಲ್ಲಿ. ಆಗ ಯಾವ ಗೋಡೆಯೂ ತನ್ನ ಗುಟ್ಟು ಬಿಡುವುದಿಲ್ಲ. ಆರಿದ್ರಾ ಮಳೆ ಹಿಡಿಯಿತೋ, ಅದೇ ಕಡೆಯಿಂದ ಬಂದು ಇಲ್ಲಿ ನೆಲೆಸಿದ ನಮ್ಮ ಸಂಘದವರಿಗೆ ಫೋನು ಶುರು: "ಗೋಡಿ ತುಂಬ ಕರೀ ಚುಕ್ಕಿ ಬಂದಾವ್ರೀ!" ಇದೇ ಜಿಲ್ಲೆಯ ಕಡೂರು ಒಣ ಸೀಮೆ, ಮೂಡಿಗೆರೆ, ಕೊಪ್ಪ, ಶೃಂಗೇರಿಯಲ್ಲಿ ಬಿಡದ ಜಡಿಮಳೆ. ಕಡೂರಿನ ನೆಂಟರ ಸಲಹೆ ಅಲ್ಲಿ ನಡೆಯದು.

ಮನೆ ನೋಡುವಾಗ

ಹೊಸ ಬಣ್ಣ ಕಂಡು ಹಿಗ್ಗಬೇಡಿ. ಗೋಡೆ ಕಪಾಟಿನ ಬಾಗಿಲು ತೆಗೆದು ಮೂಸಿ ನೋಡಿ. ಮುಗ್ಗಲು ವಾಸನೆ ಅಲ್ಲಿ ಅಡಗಿರುತ್ತದೆ. ಮುಂಗಾರು ಗಾಳಿ ನೈಋತ್ಯದಿಂದ ಬೀಸುವುದರಿಂದ ಇರಚಲು ಹೆಚ್ಚಾಗಿ ಬಡಿಯುವುದು ಪಶ್ಚಿಮ, ದಕ್ಷಿಣದ ಗೋಡೆಗಳಿಗೆ. ವಾಸ್ತು ಅಂತ ಪೂರ್ವದ ಬಾಗಿಲು ಹುಡುಕುವ ನಾವು ಪಶ್ಚಿಮದ ಗೋಡೆಯಲ್ಲಿ ಬಿರುಕಿದೆಯೇ, ಕಿಟಕಿಗೆ ಸಜ್ಜಾ ಇದೆಯೇ ಎಂದು ನೋಡುವುದಿಲ್ಲ! ನೆಲದಿಂದ ಎರಡು ಮೂರು ಅಡಿವರೆಗೆ ಬಣ್ಣ ಉಬ್ಬಿ, ಉಪ್ಪಿನಂಥ ಬಿಳಿ ಪುಡಿ ಉದುರುತ್ತಿದ್ದರೆ ತೇವ ತಳಪಾಯದಿಂದ ಏರುತ್ತಿದೆ ಎಂದುಕೊಳ್ಳಿ. ಅದು ಬಾಡಿಗೆಯವರು ಒರೆಸಿ ಸರಿಮಾಡುವ ಕೆಲಸವಲ್ಲ. ಛಾವಣಿ ಸೋರಿದ ಕಲೆಯೂ ಅಷ್ಟೇ. ಬೀರುವಿನ ಹಿಂದೆ, ಮೂಲೆಗಳಲ್ಲಿ ಮಾತ್ರ ಬರುವ ಬೂಷ್ಟು ಸಾಮಾನ್ಯವಾಗಿ ಮನೆಯೊಳಗಿನ ಹಬೆ, ಒದ್ದೆ ಬಟ್ಟೆಯಿಂದ. ಅದು ನಮ್ಮ ಪಾಲು.

ಕರಾರು, ಅಡ್ವಾನ್ಸ್

ಇದನ್ನು ಎರಡು ಸಲ ಓದಿ. ನಮ್ಮಲ್ಲಿ ಹಲವರ ಅಡ್ವಾನ್ಸ್ ಕರಗಿದ್ದು ಇಲ್ಲೇ. ಜುಲೈನಲ್ಲಿ ರಿಪೇರಿ ಕೇಳಿದಾಗ "ಮಲೆನಾಡು ಅಂದ್ರೆ ಹಂಗೇ ಸಾರ್" ಎಂದ ಓನರೇ, ಮನೆ ಬಿಡುವಾಗ "ಒದ್ದೆ ಬಟ್ಟೆ ಹರವಿ ಗೋಡೆ ಹಾಳು ಮಾಡಿದ್ರಿ" ಎಂದು ಪೇಂಟಿಂಗ್ ಖರ್ಚು ಮುರಿದುಕೊಳ್ಳುತ್ತಾರೆ. ಬೀಗದ ಕೈ ಸಿಕ್ಕ ದಿನವೇ, ಸಾಮಾನು ಇಳಿಸುವ ಮುಂಚೆ, ಪ್ರತಿ ಗೋಡೆಯ ವಿಡಿಯೊ ಮಾಡಿ ಓನರಿಗೆ ವಾಟ್ಸ್ಆ್ಯಪ್ ಮಾಡಿ. ಬೂಷ್ಟು ಕಂಡಾಗಲೂ ಹಾಗೇ, ತಾರೀಖು ಸಮೇತ. ಹನ್ನೊಂದು ತಿಂಗಳ ಕರಾರಿನಲ್ಲಿ "ಛಾವಣಿ, ಹೊರಗೋಡೆ, ಪೈಪಿನ ಸೋರಿಕೆ ಮಾಲೀಕರ ಜವಾಬ್ದಾರಿ" ಎಂಬ ಸಾಲು ಬರೆಸಿಯೇ ಸಹಿ ಹಾಕಿ. ಮಾಲೀಕರು ತಾವು ಮಾಡಿಸಲೇಬೇಕಾದ ರಿಪೇರಿಯನ್ನು ನೋಟಿಸ್ ಕೊಟ್ಟ ಮೇಲೂ ಸಕಾಲದಲ್ಲಿ ಮಾಡಿಸದಿದ್ದರೆ, ಬಾಡಿಗೆದಾರರೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಕಳೆದುಕೊಳ್ಳಬಹುದು ಎಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಹೇಳುತ್ತದೆ. ಯಾವುದು ಅವರ ಹೊಣೆ ಎಂದು ಕರಾರಿನಲ್ಲಿ ಇಲ್ಲದಿದ್ದರೆ ಜಗಳವಷ್ಟೇ ಉಳಿಯುತ್ತದೆ. ಬಾಡಿಗೆ ಮುರಿಯುವ ಮುಂಚೆ ವಕೀಲರನ್ನು ಕೇಳಿ. ನಮ್ಮ ಕಡೆಯವರಿಗೆ ಸಂಕೋಚ ಜಾಸ್ತಿ: "ಹಿರೇರು, ಹೆಂಗ ಕೇಳೂದು?" ಕೇಳಬೇಕು.

ಒರೆಸುವಾಗ

ಮೂಗಿಗೆ ಮಾಸ್ಕ್, ಕೈಗೆ ಗ್ಲೌಸ್.
ಒಣ ಪೊರಕೆಯಿಂದ ಕೆರೆಯಬೇಡಿ, ಮನೆಯೆಲ್ಲ ಹರಡುತ್ತದೆ. ಸೋಪಿನ ನೀರಲ್ಲಿ ನೆನೆಸಿ ಉಜ್ಜಿ, ಒರೆಸಿ, ಫ್ಯಾನ್ ಹಾಕಿ ಒಣಗಿಸಿ.
ಬ್ಲೀಚ್ ಜೊತೆ ಟಾಯ್ಲೆಟ್ ತೊಳೆಯುವ ಆಸಿಡ್ ಬೆರೆಸಲೇಬೇಡಿ, ವಿಷಾನಿಲ ಏಳುತ್ತದೆ.
ಬೂಷ್ಟಿನ ಮೇಲೆಯೇ ಬಣ್ಣ ಬಳಿಸಬೇಡಿ.
ದಮ್ಮು ಇರುವವರು, ಮಕ್ಕಳು ಆ ಹೊತ್ತು ಹೊರಗಿರಲಿ.

ದಿನನಿತ್ಯ

ಅಡುಗೆ ಮಾಡುವಾಗ ಎಕ್ಸಾಸ್ಟ್ ಫ್ಯಾನ್. ಬೀರು ಗೋಡೆಯಿಂದ ಒಂದು ಗೇಣು ಈಚೆಗೆ. ಮಳೆ ಹೊಳವಾದಾಗ ಎದುರುಬದುರು ಕಿಟಕಿ ತೆಗೆಯಿರಿ. ಇರಚಲು ಹೊಡೆಯುವಾಗ ಮುಚ್ಚಿ. ಅಂಕಪಟ್ಟಿ, ರೇಷ್ಮೆ ಸೀರೆ ಗೋಡೆ ಕಪಾಟಿನಲ್ಲಿ ಬೇಡ. ನುಸಿಗುಳಿಗೆ ಹುಳಕ್ಕೆ, ಬೂಷ್ಟಿಗಲ್ಲ. ಬಟ್ಟೆ ಒಣಗಲೆಂದು ಬಾಗಿಲು ಹಾಕಿಕೊಂಡು ಕೆಂಡದ ಅಗ್ಗಿಷ್ಟಿಕೆ ಇಡುವುದಂತೂ ಖಂಡಿತ ಬೇಡ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ.

ಊರಿಂದ ತಂದ ಕಾಳುಕಡಿ

ಜೋಳದ ರೊಟ್ಟಿ ಬಿಡಿ ಎಂದು ನಾವು ಹೇಳುವವರಲ್ಲ, ಅದು ನಮ್ಮ ಹೆಮ್ಮೆ. ಆದರೆ ಇಡೀ ಮಳೆಗಾಲಕ್ಕೆ ಚೀಲಗಟ್ಟಲೆ ತಂದು ನೆಲದ ಮೇಲೆ ಇಡಬೇಡಿ. ಬೂಷ್ಟು ಹಿಡಿದ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷವಿರಬಹುದು, ಅದು ಲಿವರ್‌ಗೆ ಕೆಡುಕು. ಹುರಿದರೂ ಪೂರ್ತಿ ಹೋಗುವುದಿಲ್ಲ. ಆರಿಸಿ ಉಳಿದದ್ದನ್ನು ಚಟ್ನಿಪುಡಿ ಮಾಡುವ ಜಾಣತನ ಬೇಡ, ಪೂರ್ತಿ ಎಸೆಯಿರಿ. ಕಟಕ ರೊಟ್ಟಿ ಇಲ್ಲಿ ಬೇಗ ಮೆತ್ತಗಾಗುತ್ತದೆ. ಗಾಳಿಯಾಡದ ಡಬ್ಬಿಯಲ್ಲಿಡಿ, ನಾಲ್ಕು ದಿನಕ್ಕಾಗುವಷ್ಟೇ ಬಡಿಯಿರಿ.