ತುಟಿ ಜುಮ್ಮ ಹಿಡಿದರೂ ಹಲ್ಲು ಯಾಕೆ ನೋಯುತ್ತದೆ?

ತುಟಿ ಜುಮ್ಮ ಹಿಡಿಯಿತೆಂದರೆ ಬ್ಲಾಕ್ (ದವಡೆಯ ನರವನ್ನು ಮರಗಟ್ಟಿಸುವ ಚುಚ್ಚುಮದ್ದು) ಹತ್ತಿತು ಎಂದು ನಾನು ಎಣಿಸುವುದಿಲ್ಲ. ಬಾಗಲಕೋಟೆ ಸುತ್ತಲಿನ ಹಳ್ಳಿಗಳಿಂದ ಕೆಳದವಡೆಯ ದಾಡಿಹಲ್ಲು ಹಿಡಿದುಕೊಂಡು ಬಂದವರು, ಡ್ರಿಲ್ ತಾಗಿದೊಡನೆ ‘ಇನ್ನೂ ಚಳಕ ಹೊಡಿತೈತ್ರಿ ಡಾಕ್ಟ್ರ’ ಅಂದರೆ ಅದು ಖರೆ. ಹೆದರಿಕೆ ಎಂದು ತಳ್ಳಿಹಾಕಬಾರದು.

ಆ ಚುಚ್ಚುಮದ್ದಿನ ಔಷಧ ಲಿಗ್ನೊಕೇನ್. ಅದರ ಪಿಕೆಎ, ಅಂದರೆ ಔಷಧದ ಅರ್ಧ ಭಾಗ ವಿದ್ಯುದಂಶ ಹೊತ್ತಿರುವ ಪಿಎಚ್ (ಆಮ್ಲೀಯತೆಯ ಅಳತೆ), 7.9. ದೇಹದ ಸಹಜ ಪಿಎಚ್ 7.4ರಲ್ಲಿ ಅದರ ಸುಮಾರು 24% ಮಾತ್ರ ವಿದ್ಯುದಂಶವಿಲ್ಲದ ರೂಪದಲ್ಲಿರುತ್ತದೆ. ನರದ ಪೊರೆ ದಾಟುವುದು ಆ ರೂಪವಷ್ಟೇ. ಒಳಹೊಕ್ಕ ಮೇಲೆ ಬಹುಪಾಲು ಮತ್ತೆ ಪ್ರೋಟಾನ್ ಹಿಡಿದು, ನೋವಿನ ಸಂಕೇತ ಸಾಗಿಸುವ ಸೋಡಿಯಂ ಚಾನಲ್‌ನ ರಂಧ್ರಕ್ಕೆ ಒಳಬದಿಯಿಂದ ಅಂಟುತ್ತದೆ. ವಿಶ್ರಾಂತ ಚಾನಲ್ ಮೇಲೆ ಹಿಡಿತ ಸಡಿಲ, ತೆರೆದ ಅಥವಾ ನಿಷ್ಕ್ರಿಯಗೊಂಡ ಚಾನಲ್ ಮೇಲೆ ಬಿಗಿ. 1977ರಲ್ಲಿ ವಿಜ್ಞಾನಿ ಹಿಲ್ಲೆ ಇದನ್ನು ವಿವರಿಸಿದರು. ಹಾಗಿದ್ದರೆ ಸದಾ ಮಿಡಿಯುತ್ತ ಚಾನಲ್ ತೆರೆಯುತ್ತಲೇ ಇರುವ ನೋವಿನ ನರವೇ ಮೊದಲು ತಣ್ಣಗಾಗಬೇಕಲ್ಲ?

ಕೀವಿನಿಂದ ಪಿಎಚ್ ಇಳಿಯುತ್ತದೆ, ಅದಕ್ಕೇ ಔಷಧ ಹತ್ತುವುದಿಲ್ಲ ಎಂಬ ಉತ್ತರ ಹಲ್ಲಿನ ಬುಡಕ್ಕೇ ಚುಚ್ಚಿದಾಗ ಸರಿ: ಪಿಎಚ್ 6.4ಕ್ಕೆ ಬಂದರೆ ಆ 24% ಬರೀ 3% ಆಗುತ್ತದೆ. ಆದರೆ ದವಡೆಯ ಬ್ಲಾಕ್ ಕೊಡುವ ಜಾಗದಲ್ಲಿ ಉರಿಯೂತವೇ ಇರುವುದಿಲ್ಲ. ನನ್ನ ಮಟ್ಟಿಗೆ ಮುಖ್ಯ ಕಾರಣ ಎನ್‌ಎವಿ 1.8 ಎಂಬ ಬಗೆಯ ಸೋಡಿಯಂ ಚಾನಲ್. ಉರಿಯೂತದ ಪಲ್ಪ್‌ನ (ಹಲ್ಲಿನೊಳಗಿನ ಮೆತ್ತನೆಯ ತಿರುಳು) ನರದಲ್ಲಿ ಅದು ಹೆಚ್ಚುತ್ತದೆ, ಉರಿಯೂತದಲ್ಲಿ ಹುಟ್ಟುವ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ಅದನ್ನು ಇನ್ನಷ್ಟು ಸುಲಭವಾಗಿ ತೆರೆಯಿಸುತ್ತದೆ, ಲಿಗ್ನೊಕೇನ್‌ಗೆ ಅದು ಬೇಗ ಬಗ್ಗುವುದಿಲ್ಲ.

ಆದ್ದರಿಂದ ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಆಸ್ತಮಾ, ಬಸಿರು ಇಲ್ಲವೆಂದು ಕೇಳಿಕೊಂಡು, ಒಂದು ತಾಸು ಮೊದಲೇ ಪ್ರೊಸ್ಟಾಗ್ಲಾಂಡಿನ್ ತಗ್ಗಿಸುವ ಐಬುಪ್ರೊಫೆನ್ 400 ಮಿಗ್ರಾಂ ಕೊಡುತ್ತೇನೆ. ಆಮೇಲೆ ಬ್ಲಾಕ್: ಉದ್ದ ಸೂಜಿ ಎಲುಬಿಗೆ ತಾಗುವವರೆಗೆ, ಅಂದರೆ 20–25 ಮಿಮೀ ಒಳಗೆ. ಒಂದು ಮಿಮೀ ಹಿಂದೆಳೆದು, ರಕ್ತ ಬರುತ್ತದೆಯೇ ನೋಡಿ, 2% ಲಿಗ್ನೊಕೇನ್ 1.8 ಮಿಲಿ ಒಂದು ನಿಮಿಷಕ್ಕಿಂತ ನಿಧಾನವಾಗಿ. ಎಲುಬೇ ಸಿಗದಿದ್ದರೆ ಔಷಧ ಬಿಡುವುದಿಲ್ಲ. ಸೂಜಿ ಹಿಂದಕ್ಕೆ ಹೋಗಿ ಕಿವಿ ಮುಂದಿನ ಪರೋಟಿಡ್ ಎಂಬ ಜೊಲ್ಲು ಗ್ರಂಥಿ ಸೇರಿದರೆ ಮುಖದ ನರ ಕೆಲಹೊತ್ತು ಸೋಲುತ್ತದೆ.

ಹದಿನೈದು ನಿಮಿಷ ಕಾಯ್ದು ಹಲ್ಲಿಗೇ ಕೋಲ್ಡ್ ಸ್ಪ್ರೇ ತಾಗಿಸಿ ನೋಡುತ್ತೇನೆ. ಇನ್ನೂ ತಿಳಿದರೆ ಕೆನ್ನೆ ಕಡೆಯಿಂದ 4% ಆರ್ಟಿಕೇನ್ (ಇನ್ನೊಂದು ಮರಗಟ್ಟಿಸುವ ಔಷಧ) ಒಂದು ಕಾರ್ಟ್ರಿಜ್. ಅದೂ ಸಾಲದಿದ್ದರೆ ಹಲ್ಲನ್ನು ಎಲುಬಿಗೆ ಹಿಡಿದಿಡುವ ಲಿಗಮೆಂಟ್‌ನೊಳಗೆ ಒಂದೊಂದು ಬೇರಿಗೆ 0.2 ಮಿಲಿ; ಒತ್ತಿದಾಗ ಸಿರಿಂಜ್ ಸಲೀಸಾಗಿ ಖಾಲಿಯಾದರೆ ಔಷಧ ಹೊರಗೆ ಸೋರುತ್ತಿದೆ ಎಂದರ್ಥ.

ನಮ್ಮ ಬೇಸಿಗೆಯಲ್ಲಿ ಔಷಧದ ವಯಲ್ (ಸೀಸೆ) ಕಿಟಕಿ ಬಳಿ ಇಡಬಾರದು, ಅದರಲ್ಲಿ ಬೆರೆಸಿರುವ, ರಕ್ತನಾಳ ಕುಗ್ಗಿಸುವ ಅಡ್ರಿನಲಿನ್ ಬಿಸಿಲಿಗೆ ಕೆಡುತ್ತದೆ. ದ್ರಾವಣ ಕಂದಾದರೆ ಚೆಲ್ಲಿಬಿಡಿ. ಅಡ್ರಿನಲಿನ್ ಸಹಿತ ಲಿಗ್ನೊಕೇನ್‌ನ ಮಿತಿ ಕಿಲೋಗೆ 7 ಮಿಗ್ರಾಂ. 50 ಕಿಲೋ ತೂಕದವರಿಗೆ 350 ಮಿಗ್ರಾಂ, 2% ದ್ರಾವಣದಲ್ಲಿ 17.5 ಮಿಲಿ, ಆರ್ಟಿಕೇನ್ ಕೊಟ್ಟಿದ್ದರೆ ಅದನ್ನೂ ಇದೇ ಲೆಕ್ಕದೊಳಗೆ ಸೇರಿಸಬೇಕು.